ಅರಿವು ಮನೆಮಾತಾದಾಗ: ಕಥೆ ಹೇಳಿದ ವಿಜ್ಞಾನಿಗಳು ಮತ್ತು ನಮ್ಮ ಕೊಪ್ಪಳ ಸೀಮೆ

ಕನ್ನಡದ ತಿರುಳು ಎಲ್ಲಿದೆ ಎಂಬ ಪ್ರಶ್ನೆಗೆ ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ನಾಲ್ಕು ಊರುಗಳ ಹೆಸರು ಹೇಳಿ ಉತ್ತರಿಸುತ್ತದೆ: ಕಿಸುವೊಳಲು, ಕೊಪಣನಗರ, ಪುಲಿಗೆರೆ ಮತ್ತು ಒಂಕುಂದ. ಕೊಪಣನಗರವೆಂದರೆ ನಮ್ಮ ಇಂದಿನ ಕೊಪ್ಪಳ. ಈ ಸಂಗತಿಯನ್ನು ನಾವು ಸಭೆ ಸಮಾರಂಭಗಳಲ್ಲಿ ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಆ ಕಾಲದ ಇನ್ನೊಂದು ಸಂಗತಿಯನ್ನು ಮರೆಯುತ್ತೇವೆ. ಕವಿರಾಜಮಾರ್ಗಕ್ಕೆ ಆಶ್ರಯವಿತ್ತ ಅದೇ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ, ಅದೇ ಕಾಲದಲ್ಲಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವೆಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಅದರ ಲೆಕ್ಕಗಳು ಬರಿಯ ಅಂಕಿಗಳಲ್ಲ. ಹರಿದು ಚೆಲ್ಲಿದ ಮುತ್ತಿನ ಹಾರ, ಕಾಡಿನಲ್ಲಿ ಚದುರಿದ ಆನೆಗಳ ಹಿಂಡು, ಹಂಚಿಕೊಳ್ಳಬೇಕಾದ ಮಾವಿನ ಹಣ್ಣುಗಳು ಪುಟ್ಟ ಪುಟ್ಟ ಕಥೆಗಳಾಗಿ ಅಲ್ಲಿ ಬರುತ್ತವೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಗಣಿತವನ್ನು ಕನ್ನಡದ ಪದ್ಯಗಳಿಗೇ ಇಳಿಸಿದನು. ಕಾವ್ಯ ಬಲ್ಲವನು ಬೇರೆ, ಗಣಿತ ಬಲ್ಲವನು ಬೇರೆ ಎಂಬ ಗೋಡೆ ಅಂದು ಎದ್ದಿರಲಿಲ್ಲ.

ಇಂದು ಆ ಗೋಡೆ ಎದ್ದಿದೆ. ವಿಜ್ಞಾನವೆಂದರೆ ಪರೀಕ್ಷೆಗಾಗಿ ಕಂಠಪಾಠ ಮಾಡುವ ವಿಷಯ, ಸಾಹಿತ್ಯವೆಂದರೆ ಬಿಡುವಿನ ವೇಳೆಯ ವಿನೋದ ಎಂಬ ತಿಳಿವಳಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಆದರೆ ಇತಿಹಾಸವನ್ನು ತೆರೆದು ನೋಡಿದರೆ, ಅರಿವು ಜನಸಾಮಾನ್ಯರ ಸ್ವತ್ತಾದುದು ಅದನ್ನು ಅರಿತವರೇ ಮುಂದೆ ಬಂದು ಜನರ ಭಾಷೆಯಲ್ಲಿ ಕಥೆಯಾಗಿ ಹೇಳಿದಾಗ ಎಂಬುದು ಸ್ಪಷ್ಟವಾಗುತ್ತದೆ. ಆ ಪರಂಪರೆಯನ್ನು ಸಂಕ್ಷಿಪ್ತವಾಗಿ ಅವಲೋಕಿಸಿ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ನಮಗೆ ಅದರಿಂದ ಏನು ಪಾಠವಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವೈದ್ಯನು ಹೇಳಿದ ಕಥೆ

ಹನ್ನೆರಡನೆಯ ಶತಮಾನದ ಅಂದಲೂಸಿನಲ್ಲಿ, ಅಂದರೆ ಇಂದಿನ ಸ್ಪೇನಿನಲ್ಲಿ, ಇಬ್ನ್ ತುಫೈಲ್ ಎಂಬ ವೈದ್ಯರಿದ್ದರು. ಅಲ್ ಮುವಹ್ಹಿದ್ ಸುಲ್ತಾನ ಅಬೂ ಯಾಕೂಬ್ ಯೂಸುಫ್‌ನ ಆಸ್ಥಾನ ವೈದ್ಯರಾಗಿದ್ದ ಅವರು 1185ರಲ್ಲಿ ನಿಧನರಾದರು. ಅವರ ಹೆಸರನ್ನು ಉಳಿಸಿದ್ದು 'ಹಯ್ಯ್ ಇಬ್ನ್ ಯಕ್‌ಝಾನ್' ಎಂಬ ಕಥೆ. ನಿರ್ಜನ ದ್ವೀಪವೊಂದರಲ್ಲಿ ಜಿಂಕೆಯ ಹಾಲು ಕುಡಿದು ಬೆಳೆದ ಬಾಲಕನೇ ಅದರ ನಾಯಕ. ತನ್ನನ್ನು ಸಾಕಿದ ಜಿಂಕೆ ಒಂದು ದಿನ ನಿಶ್ಚಲವಾಗಿ ಬಿದ್ದಾಗ, ಅದರಿಂದ ಹೊರಟುಹೋದದ್ದು ಏನು ಎಂದು ತಿಳಿಯಲು ಅವನು ಅದರ ಎದೆಯನ್ನು ಸೀಳಿ ಹೃದಯವನ್ನು ಹುಡುಕುತ್ತಾನೆ. ದುಃಖವೇ ಅಲ್ಲಿ ಶೋಧನೆಗೆ ದಾರಿಯಾಗುತ್ತದೆ. ವೈದ್ಯಕೀಯದ ಯಾವ ಗ್ರಂಥವೂ ಶರೀರಶಾಸ್ತ್ರದ ಹುಟ್ಟನ್ನು ಇಷ್ಟು ಮನಮುಟ್ಟುವಂತೆ ಹೇಳಿರಲಾರದು. ಈ ಕಥೆ 1671ರಲ್ಲಿ ಲ್ಯಾಟಿನ್ ಭಾಷೆಗೂ 1708ರಲ್ಲಿ ಅರಬಿಯಿಂದ ನೇರವಾಗಿ ಇಂಗ್ಲಿಷಿಗೂ ಅನುವಾದಗೊಂಡು ಯುರೋಪಿನ ಚಿಂತಕರ ಕೈ ಸೇರಿತು.

ಶ್ವಾಸಕೋಶದ ಮೂಲಕ ರಕ್ತ ಹರಿಯುವ ಬಗೆಯನ್ನು ಹದಿಮೂರನೆಯ ಶತಮಾನದಲ್ಲೇ ವಿವರಿಸಿದ ಇಬ್ನುನ್ನಫೀಸ್ ಕೂಡ ದ್ವೀಪವಾಸಿ ಬಾಲಕನೊಬ್ಬನ ಕಥೆಯನ್ನು ಬರೆದಿದ್ದಾರೆ. ಉಮರ್ ಖಯ್ಯಾಮ್ ಅವರನ್ನು ಲೋಕವು ರುಬಾಯಿಗಳ ಕವಿಯೆಂದು ಬಲ್ಲದು. ಆದರೆ ಅವರು ಬೀಜಗಣಿತದ ಮಹಾ ವಿದ್ವಾಂಸರಾಗಿದ್ದರು. 1079ರ ಜಲಾಲಿ ಪಂಚಾಂಗದ ಸುಧಾರಣೆಯಲ್ಲಿ ದುಡಿದ ಖಗೋಳಜ್ಞರೂ ಆಗಿದ್ದರು.

ನಮ್ಮ ದೇಶದಲ್ಲಿ ಇದಕ್ಕೆ ಪೂರಕವಾದ ಇನ್ನೊಂದು ಪ್ರಸಂಗವಿದೆ. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ 'ಲೀಲಾವತಿ'ಯನ್ನು ಅಕ್ಬರನ ಆಸ್ಥಾನಕವಿ ಫೈಝಿ 1587ರಲ್ಲಿ ಪಾರ್ಸಿಗೆ ಅನುವಾದಿಸಿದನು. ಗಣಿತಜ್ಞನು ಪದ್ಯದಲ್ಲಿ ಬರೆದುದನ್ನು ಕವಿಯೊಬ್ಬನು ಮತ್ತೊಂದು ಭಾಷೆಗೆ ಹೊತ್ತುತಂದನು. ಜಲಘಟಿಕೆಯಲ್ಲಿ ಮುತ್ತು ಬಿದ್ದು ರಂಧ್ರ ಮುಚ್ಚಿಕೊಂಡು, ಮುಹೂರ್ತ ತಪ್ಪಿ, ಮದುವೆ ನಿಂತುಹೋದ ಮಗಳನ್ನು ಸಂತೈಸಲು ಭಾಸ್ಕರನು ಈ ಗ್ರಂಥ ಬರೆದನೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆ ಕಥೆ ಭಾಸ್ಕರನ ಗ್ರಂಥದಲ್ಲಿಲ್ಲ. ಅದು ಬರುವುದು ಫೈಝಿಯ ಮುನ್ನುಡಿಯಲ್ಲಿ. ಕಥೆಗೆ ಎಷ್ಟು ಶಕ್ತಿಯಿದೆಯೆಂದರೆ, ಗ್ರಂಥದ ಒಂದು ಸೂತ್ರವನ್ನೂ ಅರಿಯದವರ ನಾಲಗೆಯ ಮೇಲೂ ಅದು ಇಂದು ಬದುಕಿದೆ. ಈ ಶಕ್ತಿಯಲ್ಲಿ ಒಂದು ಅಪಾಯವೂ ಅಡಗಿದೆ. ಆ ಮಾತಿಗೆ ಮುಂದೆ ಬರೋಣ.

1918: ಎರಡು ಭಾಷೆ, ಒಂದೇ ಹಂಬಲ

ನಮ್ಮ ಸೀಮೆಯ ಆಧುನಿಕ ಚರಿತ್ರೆಯನ್ನು ಅರಿಯಲು 1918ನೆಯ ಇಸವಿಯನ್ನು ಗಮನಿಸಬೇಕು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಆ ವರ್ಷ ಮೀರ್ ಉಸ್ಮಾನ್ ಅಲಿ ಖಾನ್ ಅವರ ಆಡಳಿತದಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಇಂಗ್ಲಿಷಿನ ಬದಲು ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ನೀಡುವ ಸಾಹಸವದು. ಅದಕ್ಕಾಗಿ ಹಿಂದಿನ ವರ್ಷವೇ ಆರಂಭವಾಗಿದ್ದ ಅನುವಾದ ಕೇಂದ್ರವು ಭೌತಶಾಸ್ತ್ರ, ರಸಾಯನಶಾಸ್ತ್ರ, ವೈದ್ಯಕೀಯ ಮುಂತಾದ ವಿಷಯಗಳ ಗ್ರಂಥಗಳನ್ನು ಉರ್ದುವಿಗೆ ತಂದಿತು. ಪಾರಿಭಾಷಿಕ ಪದಗಳನ್ನು ಹೊಸದಾಗಿ ರೂಪಿಸಿತು.

ಅದೇ 1918ರಲ್ಲಿ ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರ ಪ್ರಾಧ್ಯಾಪಕರಾದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದರು. ಬೆಳ್ಳಾವೆಯವರು ಭೌತಶಾಸ್ತ್ರ ಬೋಧಿಸುತ್ತಲೇ ಪಂಪಭಾರತವನ್ನು ಸಂಪಾದಿಸಿದವರು. ಕನ್ನಡ ಸಾಹಿತ್ಯ ಪರಿಷತ್ತಿನ ಆರಂಭದ ದಿನಗಳಲ್ಲಿ ಅದಕ್ಕಾಗಿ ದುಡಿದವರು. ಪತ್ರಿಕೆ ಬಹುಕಾಲ ಬಾಳಲಿಲ್ಲ. ಆದರೆ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಒಂದೇ ವರ್ಷ, ಎರಡು ರಾಜಧಾನಿಗಳು, ಒಂದೇ ಹಂಬಲ. ಆದರೆ ಇವೆರಡರ ನಡುವೆ ಬಿದ್ದ ನಮ್ಮ ಸೀಮೆಯ ಸ್ಥಿತಿ ಏನಾಯಿತು? ಬೆಂಗಳೂರಿನ ಪತ್ರಿಕೆ ಬೇರೊಂದು ಸಂಸ್ಥಾನದ್ದು. ಹೈದರಾಬಾದಿನ ವಿಜ್ಞಾನ ಉರ್ದುವಿನದ್ದು. ಹೊಲ ಉಳುವ, ಕಂಬಳಿ ನೇಯುವ ಬಹುಸಂಖ್ಯಾತರ ಮಾತು ಕನ್ನಡ. ಉರ್ದು ಮನೆಮಾತಾಗಿದ್ದ ನಮ್ಮ ಬಡ ಕುಟುಂಬಗಳಿಗೂ ಆ ವಿಶ್ವವಿದ್ಯಾಲಯದ ಬಾಗಿಲು ದೂರವೇ ಇತ್ತು. ಆ ದಾರಿಯಲ್ಲಿ ನಡೆದು ಕನ್ನಡಕ್ಕೆ ಮರಳಿದ ಕೆಲವರಿದ್ದರು ನಿಜ. ಅದೇ 1918ರಲ್ಲಿ ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ ಜನಿಸಿದ ಸಿದ್ಧಯ್ಯ ಪುರಾಣಿಕರು ಹೈದರಾಬಾದ್ ಸಂಸ್ಥಾನದ ವ್ಯವಸ್ಥೆಯಲ್ಲೇ ಓದಿ, ಆಡಳಿತಾಧಿಕಾರಿಯಾಗಿ, 'ಕಾವ್ಯಾನಂದ'ರೆಂದು ಕನ್ನಡ ಕವಿಯಾದರು. ಕವಿಗಳು ಮರಳಿದಂತೆ ವಿಜ್ಞಾನ ಮಾತ್ರ ಮರಳಲಿಲ್ಲ.

ನಮ್ಮ ನೆಲದ ಕಥೆಯನ್ನು ಪರರು ಪರಭಾಷೆಯಲ್ಲಿ ಹೇಳಿದ್ದು ಅದಕ್ಕೂ ಹಿಂದಿನದು. ನಿಜಾಮರ ಸೇವೆಯಲ್ಲಿದ್ದ ಕರ್ನಲ್ ಮೆಡೋಸ್ ಟೇಲರ್ 1841ರಿಂದ ಸುಮಾರು ಹನ್ನೆರಡು ವರ್ಷ ಸುರಪುರದ ಆಡಳಿತ ನೋಡಿಕೊಂಡವನು. ಅವನು ಆ ಭಾಗದ ಬೃಹತ್ ಶಿಲಾ ಸಮಾಧಿಗಳನ್ನು ಅಳೆದು, ಅಗೆದು, ಚಿತ್ರ ಬರೆದು ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟಿಸಿದನು. ಜೊತೆಗೆ ದಖ್ಖಣದ ಬದುಕನ್ನು ಕುರಿತು ಕಾದಂಬರಿಗಳನ್ನೂ ಬರೆದನು. ಶೋಧಕನೂ ಕಥೆಗಾರನೂ ಒಬ್ಬನಲ್ಲೇ ಇದ್ದರು. ಆದರೆ ಆ ಕಥೆಗಳನ್ನು ಓದಿದ್ದು ಲಂಡನ್ನು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದಲ್ಲಿ ಅಂಥದೇ ನೂರಾರು ಶಿಲಾಮನೆಗಳನ್ನು 'ಮೋರ್ಯರ ಗುಡ್ಡ'ವೆಂದು ಕರೆಯುತ್ತ, ಗಿಡ್ಡ ಆಳುಗಳ ಕಥೆ ಹೇಳಿಕೊಂಡು ಬಂದ ನಮ್ಮ ಹಿರಿಯರಿಗೆ ಆ ಬರಹಗಳಲ್ಲಿ ಏನಿದೆಯೆಂಬುದು ತಿಳಿಯಲೇ ಇಲ್ಲ.

ಕನ್ನಡದಲ್ಲಿ ಕಥೆ ಹೇಳಿದ ವಿಜ್ಞಾನಿಗಳು

ವಿಜ್ಞಾನಿಯು ತನ್ನ ಜನರ ಭಾಷೆಯಲ್ಲಿ ಬರೆಯುವುದು ಸಣ್ಣ ಸಂಗತಿಯಲ್ಲ. ಗೆಲಿಲಿಯೋ 1632ರಲ್ಲಿ ತನ್ನ ಮಹತ್ವದ ಸಂವಾದಗ್ರಂಥವನ್ನು ವಿದ್ವಾಂಸರ ಲ್ಯಾಟಿನ್ ಬಿಟ್ಟು ಇಟಾಲಿಯನ್ ಭಾಷೆಯಲ್ಲಿ, ಮೂವರು ಪಾತ್ರಗಳ ಮಾತುಕತೆಯಾಗಿ ಬರೆದನು. ಜಗದೀಶಚಂದ್ರ ಬೋಸರು 1896ರಲ್ಲಿ ಬಂಗಾಳಿಯಲ್ಲಿ ಚಂಡಮಾರುತವನ್ನು ಕುರಿತು ವಿನೋದದ ವಿಜ್ಞಾನಕಥೆ ಬರೆದರು. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರರು ಮರಾಠಿಯಲ್ಲಿ ವಿಜ್ಞಾನ ಕಥೆಗಳನ್ನು ಬರೆದು ಮನೆಮಾತಾದರು.

ಕನ್ನಡದಲ್ಲೂ ಈ ಸಾಲು ದೊಡ್ಡದು. ವೈದ್ಯರಾದ ಡಾ. ಎಂ. ಶಿವರಾಂ ಅವರು 'ರಾಶಿ' ಎಂಬ ಹೆಸರಿನಲ್ಲಿ ನಗೆಬರಹ ಬರೆದು, 1942ರಲ್ಲಿ 'ಕೊರವಂಜಿ' ಪತ್ರಿಕೆ ಆರಂಭಿಸಿದರು. ಮನಸ್ಸಿನ ವಿಜ್ಞಾನವನ್ನು ಕುರಿತ ಅವರ 'ಮನಮಂಥನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ವೈದ್ಯೆ ಅನುಪಮಾ ನಿರಂಜನ ಅವರು ಕಾದಂಬರಿಗಳ ಜೊತೆಗೆ 'ತಾಯಿ-ಮಗು', 'ವಧುವಿಗೆ ಕಿವಿಮಾತು' ಪುಸ್ತಕಗಳ ಮೂಲಕ, ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಗಳಿಗೆ ಹೆಣ್ಣುಮಕ್ಕಳಿಗೆ ಉತ್ತರ ಕೊಟ್ಟರು. ಜಿ.ಟಿ. ನಾರಾಯಣರಾಯರು ನಕ್ಷತ್ರಗಳನ್ನೂ ಜೆ.ಆರ್. ಲಕ್ಷ್ಮಣರಾಯರು ವಿಜ್ಞಾನಿಗಳ ಬಾಳನ್ನೂ ಕನ್ನಡದ ಓದುಗರಿಗೆ ಪರಿಚಯಿಸಿದರು.

ಈ ಸಾಲಿನ ಶಿಖರವೆಂದರೆ ಬಿ.ಜಿ.ಎಲ್. ಸ್ವಾಮಿ. ಡಿ.ವಿ. ಗುಂಡಪ್ಪನವರ ಪುತ್ರರಾದ ಅವರು ಅಂತರರಾಷ್ಟ್ರೀಯ ಮನ್ನಣೆ ಪಡೆದ ಸಸ್ಯವಿಜ್ಞಾನಿ. ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವದಿಂದ ಹುಟ್ಟಿದ ಅವರ 'ಹಸುರು ಹೊನ್ನು' 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಸಸ್ಯಗಳ ಲಕ್ಷಣ, ವಿದ್ಯಾರ್ಥಿಗಳ ತುಂಟತನ, ಲೇಖಕರೇ ಬರೆದ ಚಿತ್ರಗಳು ಅದರಲ್ಲಿ ಒಂದಾಗಿ ಬೆರೆತಿವೆ. ಅವರ ಇನ್ನೊಂದು ಪುಸ್ತಕದ ಹೆಸರೇ ಕುತೂಹಲ ಕೆರಳಿಸುತ್ತದೆ: 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ದೂರದ ಖಂಡದಿಂದ ಬಂದು ನಮ್ಮ ತಟ್ಟೆ ಸೇರಿದ ಸಸ್ಯಗಳ ಕಥೆಯದು.

ಆ ಕಣ್ಣಿನಿಂದ ನಮ್ಮ ಕುಷ್ಟಗಿ, ಯಲಬುರ್ಗಾದ ಊಟದ ತಟ್ಟೆಯನ್ನೇ ನೋಡೋಣ. ಜೋಳ, ಸಜ್ಜೆಗಳು ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದ ಧಾನ್ಯಗಳು. ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ. ಪೋರ್ಚುಗೀಸರ ಹಡಗುಗಳಲ್ಲಿ ಹದಿನಾರನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ಇಳಿದದ್ದು. ಅದಕ್ಕೆ ಮುನ್ನ ಆನೆಗೊಂದಿಯ ಅಡುಗೆಮನೆಗಳಿಗೆ ಖಾರ ಕೊಡುತ್ತಿದ್ದುದು ಕರಿಮೆಣಸು. ಬಂದ ಕಾಯಿಗೆ 'ಮೆಣಸಿನ ಕಾಯಿ' ಎಂದು ಹೆಸರಿಟ್ಟು ನಮ್ಮ ಭಾಷೆ ಅದನ್ನು ತನ್ನದಾಗಿಸಿಕೊಂಡಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಿರ್ಚಿ ಭಜಿಯನ್ನು ಅಪ್ಪಟ ನಮ್ಮದೆನ್ನುವ ನಾವು, ಮೂರು ಖಂಡಗಳ ಚರಿತ್ರೆಯನ್ನು ಒಂದೇ ತುತ್ತಿನಲ್ಲಿ ನುಂಗುತ್ತಿದ್ದೇವೆ. ಇವರು ಇಲ್ಲಿಯವರು, ಅವರು ಹೊರಗಿನವರು ಎಂಬ ಜಗಳದ ಕಾಲದಲ್ಲಿ ಸಸ್ಯಶಾಸ್ತ್ರಜ್ಞನ ಈ ಕಥೆ ಕಲಿಸುವ ವಿವೇಕ ದೊಡ್ಡದು.

ಕಲ್ಲನ್ನು ಓದಿದ ಕವಿ

ನಮ್ಮ ಸಮುದಾಯದ ಯುವಕರು ವಿಶೇಷವಾಗಿ ನೆನೆಯಬೇಕಾದವರು ಕೆ.ಎಸ್. ನಿಸಾರ್ ಅಹಮದ್. ದೇವನಹಳ್ಳಿಯಲ್ಲಿ 1936ರಲ್ಲಿ ಜನಿಸಿದ ಅವರನ್ನು ನಾಡು 'ನಿತ್ಯೋತ್ಸವ'ದ ಕವಿಯೆಂದು ಕೊಂಡಾಡುತ್ತದೆ. ಅವರು ಓದಿದ್ದು ಭೂವಿಜ್ಞಾನ. ಸ್ನಾತಕೋತ್ತರ ಪದವಿಯ ಬಳಿಕ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಸಹಾಯಕ ಭೂವಿಜ್ಞಾನಿಯಾಗಿ ಕಲಬುರಗಿಯಲ್ಲಿ ಕೆಲಸ ಮಾಡಿ, ನಂತರ ಸರ್ಕಾರಿ ಕಾಲೇಜುಗಳಲ್ಲಿ ಭೂವಿಜ್ಞಾನದ ಅಧ್ಯಾಪಕರಾದರು. 1960ರಲ್ಲಿ 'ಮನಸು ಗಾಂಧಿ ಬಜಾರು' ಸಂಕಲನ ಬಂದಿತು. 1978ರಲ್ಲಿ 'ನಿತ್ಯೋತ್ಸವ' ಧ್ವನಿಸುರುಳಿಯಾಗಿ ಮನೆಮನೆಗೆ ತಲಪಿತು. 2006ರಲ್ಲಿ ಶಿವಮೊಗ್ಗದ 73ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2020ರ ಮೇ ತಿಂಗಳಲ್ಲಿ ಅವರು ಅಗಲಿದರು.

ತರಗತಿಯಲ್ಲಿ ಶಿಲೆಗಳ ಪಾಠ, ಸಂಜೆ ಕವಿತೆ: ಇವೆರಡನ್ನು ಒಂದು ಬಾಳಿನಲ್ಲಿ ನಡೆಸಿದವರು ಅವರು. ಮುಸ್ಲಿಮನಾಗಿ ಕನ್ನಡದಲ್ಲಿ ಬರೆಯುವುದಕ್ಕೂ ವಿಜ್ಞಾನಿಯಾಗಿ ಕವಿಯಾಗುವುದಕ್ಕೂ ಅವರು ಯಾರ ಅನುಮತಿಯನ್ನೂ ಕೇಳಲಿಲ್ಲ. ಕನ್ನಡವನ್ನು ತಮ್ಮ ಮನೆಯೆಂದು ಬಗೆದು ಸಹಜವಾಗಿ ಒಳಬಂದರು, ನಾಡು ಅಷ್ಟೇ ಸಹಜವಾಗಿ ಬರಮಾಡಿಕೊಂಡಿತು.

ಕಥೆ ಮತ್ತು ಸಾಕ್ಷ್ಯದ ನಡುವಣ ಗೆರೆ

ಈಗ ಮೇಲೆ ಹೇಳಿದ ಅಪಾಯದ ಮಾತಿಗೆ ಬರೋಣ. ಕಥೆ ಸತ್ಯವನ್ನು ಹೊತ್ತು ತರುವಂತೆಯೇ ಭ್ರಮೆಯನ್ನೂ ಹೊತ್ತು ತರಬಲ್ಲದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದ ಕೆ.ಎನ್. ಗಣೇಶಯ್ಯನವರ ಕಾದಂಬರಿಗಳು ಇಲ್ಲಿ ಒಳ್ಳೆಯ ನಿದರ್ಶನ. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಅಮೆರಿಕ ಮೂಲದ ಮೆಕ್ಕೆಜೋಳದ ತೆನೆಯೇ ಎಂಬ ವಾದ ವಿದ್ವಾಂಸರ ನಡುವೆ ನಡೆದಿದೆ. ಅದನ್ನು ಒಪ್ಪದವರೂ ಇದ್ದಾರೆ. ಆ ಪ್ರಶ್ನೆಯ ಸುತ್ತ ಅವರು 'ಕನಕ ಮುಸುಕು' ಬರೆದರು. ವಿಜಯನಗರದ ಸಂಪತ್ತಿನ ಸುತ್ತ 'ಕರಿಸಿರಿಯಾನ' ಬರೆದರು. ಕಥೆಯೊಳಗೆ ಬರುವ ಶಾಸನ, ಲೇಖನ, ಚಿತ್ರಗಳ ಆಧಾರಗಳನ್ನು ಓದುಗರ ಮುಂದಿಡುವುದು ಅವರ ಬರಹದ ವೈಶಿಷ್ಟ್ಯ. ಆಧಾರ ಇಷ್ಟು, ಕಲ್ಪನೆ ಇಷ್ಟು ಎಂದು ಅಳೆದು ನೋಡಲು ಓದುಗನಿಗೆ ಅದರಿಂದ ದಾರಿ ದೊರೆಯುತ್ತದೆ.

ಈ ಗೆರೆ ಎಷ್ಟು ಮುಖ್ಯ ಎಂಬುದನ್ನು ನಮ್ಮ ಸೀಮೆ ಕಣ್ಣಾರೆ ಕಂಡಿದೆ. 2019ರ ಜುಲೈಯಲ್ಲಿ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿರುವ ವ್ಯಾಸರಾಜರ ವೃಂದಾವನವನ್ನು ನಿಧಿಯಾಸೆಯ ದುಷ್ಕರ್ಮಿಗಳು ಒಡೆದು ಹಾಕಿದರು. ಅವರನ್ನು ಅಲ್ಲಿಗೆ ಕರೆತಂದದ್ದು ನಿಧಿಯ ನಂಬಿಕೆ. ಪುರಾತನ ಕಟ್ಟಡವಿದ್ದಲ್ಲೆಲ್ಲ ಹೊನ್ನಿದೆಯೆಂಬ, ಯಾರೂ ಪ್ರಶ್ನಿಸದ ಹಳೆಯ ಕಟ್ಟುಕಥೆ. ಪೂಜ್ಯವಾದ ಸ್ಥಳವೊಂದು ಅದಕ್ಕೆ ಬಲಿಯಾಯಿತು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನಗಳ ನಿಜವಾದ ಬೆಲೆಯನ್ನೂ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದ ಹಿರೇಬೆಣಕಲ್ಲಿನ ಶಿಲಾಮನೆಗಳ ನಿಜವಾದ ಕಥೆಯನ್ನೂ ಹಳ್ಳಿಹಳ್ಳಿಯ ಮಕ್ಕಳಿಗೆ ಹೇಳಿದ್ದರೆ, ಹಾರೆ ಹಿಡಿದವನನ್ನು ತಡೆಯುವ ನೂರು ಕಣ್ಣುಗಳು ಹುಟ್ಟುತ್ತಿದ್ದವು.

ನಮ್ಮ ಸಮುದಾಯಕ್ಕೂ ಇದರಲ್ಲಿ ಎಚ್ಚರಿಕೆಯಿದೆ. ನಮ್ಮ ಪೂರ್ವಿಕ ವಿಜ್ಞಾನಿಗಳು ಎಲ್ಲವನ್ನೂ ಕಂಡುಹಿಡಿದಿದ್ದರು ಎಂಬ ಉತ್ಪ್ರೇಕ್ಷೆಯ ಸಂದೇಶಗಳನ್ನು ಮೊಬೈಲಿನಲ್ಲಿ ಹಂಚುವುದು ಆ ಪೂರ್ವಿಕರಿಗೆ ಸಲ್ಲಿಸುವ ಗೌರವವಲ್ಲ. ದೃಗ್ವಿಜ್ಞಾನದ ಮಹಾಪುರುಷ ಇಬ್ನುಲ್ ಹೈಸಮ್ ಅವರು ಟಾಲೆಮಿಯಂಥ ಗುರುವಿನ ಮೇಲೆಯೇ ಸಂದೇಹಗಳನ್ನೆತ್ತಿ ಗ್ರಂಥ ಬರೆದವರು. ಪ್ರಶ್ನಿಸುವ ಆ ಧೈರ್ಯವೇ ಅವರ ನಿಜವಾದ ಆಸ್ತಿ.

ನಮ್ಮ ನೀರಿನ ಕಥೆ ಬರೆಯುವವರಾರು?

ಈ ಎಲ್ಲ ಚರ್ಚೆ ಕೇವಲ ಸಾಹಿತ್ಯದ ಮಾತಲ್ಲ ಎಂಬುದಕ್ಕೆ ನಮ್ಮ ಕೊಳವೆಬಾವಿಯ ನೀರೇ ಸಾಕ್ಷಿ. ಕುಷ್ಟಗಿ, ಯಲಬುರ್ಗಾ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿರುವುದು ಬಹುಕಾಲದಿಂದ ತಿಳಿದ ವಿಷಯ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಇಲ್ಲದ ಕಡೆ 1.5 ಮಿಲಿಗ್ರಾಂ ಕೊನೆಯ ಮಿತಿ. ನಮ್ಮ ಕಾಲಡಿಯ ಗ್ರಾನೈಟ್ ಬಂಡೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವು. ಅವುಗಳ ಬಿರುಕುಗಳಲ್ಲಿ ನೀರು ದೀರ್ಘಕಾಲ ನಿಂತಾಗ ಫ್ಲೋರೈಡ್ ಕರಗಿ ಸೇರುತ್ತದೆ. ಮಳೆ ಕಡಿಮೆಯಾಗಿ, ಬಾವಿಗಳು ಬತ್ತಿ, ಕೊಳವೆಬಾವಿ ಆಳಕ್ಕೆ ಇಳಿದಂತೆ ಈ ತೊಂದರೆಯೂ ಬೆಳೆಯುತ್ತದೆ. ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲುಗಳು ಬಿಗಿಯುತ್ತವೆ. ನೀರನ್ನು ಕುದಿಸಿದರೆ ದೋಷ ಹೋಗುತ್ತದೆಂದು ನಂಬಿದ ತಾಯಂದಿರಿದ್ದಾರೆ. ಕುದಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಈ ಸಂಗತಿ ವರದಿಗಳಲ್ಲಿದೆ, ಪ್ರಬಂಧಗಳಲ್ಲಿದೆ. ಅಡುಗೆಮನೆಗೆ ಮಾತ್ರ ತಲಪಿಲ್ಲ. ಕಲೆಯಾದ ಹಲ್ಲನ್ನು ಮುಚ್ಚಿಕೊಂಡು ನಗುವ ಹುಡುಗಿಗೆ, ಅದು ತನ್ನ ಕೊಳಕುತನದ ಫಲವೂ ಅಲ್ಲ, ಹಣೆಬರಹವೂ ಅಲ್ಲ, ಬಂಡೆ ಮತ್ತು ನೀರಿನ ನಡುವಿನ ಹಳೆಯ ವ್ಯವಹಾರ ಎಂದು ಅವಳ ಮಾತಿನಲ್ಲೇ ಹೇಳುವ ಕಥೆಯೊಂದು ಬೇಕು. ಅದನ್ನು ಬರೆಯಬೇಕಾದವರು ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬರಬೇಕಾಗಿಲ್ಲ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ನಾಲ್ಕು ತಾಲ್ಲೂಕುಗಳ ಜಿಲ್ಲೆಯಾದಾಗ ಇದ್ದ ಸ್ಥಿತಿ ಇಂದಿಲ್ಲ. ನಮ್ಮ ಮನೆಗಳಿಂದಲೇ ವೈದ್ಯರು, ದಾದಿಯರು, ಎಂಜಿನಿಯರರು, ಕೃಷಿ ಪದವೀಧರರು, ವಿಜ್ಞಾನ ಶಿಕ್ಷಕಿಯರು ಹೊರಬಂದಿದ್ದಾರೆ. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂಬ ಮೂರು ದಡಗಳ ನಡುವೆ ನಮ್ಮ ಮಕ್ಕಳು ಈಜುತ್ತಿದ್ದಾರೆ. ಮೂರನ್ನೂ ಬಲ್ಲ ವಿದ್ಯಾವಂತರು ಸೇತುವೆಯಾಗಬೇಕು. ತಿಂಗಳಿಗೊಂದು ಬರಹ ಸಾಕು: ತಾನು ಕಂಡ ರೋಗಿಯ ಗುರುತು ಮರೆಮಾಡಿ ವೈದ್ಯನೊಂದು ಕಥೆ, ಗಂಗಾವತಿಯ ಭತ್ತದ ಗದ್ದೆಯ ಉಪ್ಪುಮಣ್ಣಿನ ಬಗ್ಗೆ ಕೃಷಿ ಪದವೀಧರನೊಂದು ಕಥೆ, ಮಳೆಯಳೆಯುವ ಬಗ್ಗೆ ಶಿಕ್ಷಕಿಯೊಂದು ಕಥೆ. ತಿಳಿದದ್ದನ್ನು ತಿಳಿದಷ್ಟೇ ಹೇಳಬೇಕು, ಕೇಳುವವರಿಗೆ ಬೇಸರವಾಗದಂತೆ ಹೇಳಬೇಕು.

ಕನ್ನಡದ ತಿರುಳು ನಮ್ಮ ಕೊಪಣನಗರದಲ್ಲಿತ್ತೆಂದು ಪೂರ್ವಿಕರು ಬರೆದಿಟ್ಟರು. ಆ ತಿರುಳಿನಲ್ಲಿ ನಮ್ಮ ನೀರು, ನಮ್ಮ ಕಲ್ಲು, ನಮ್ಮ ಬೆಳೆಗಳ ಅರಿವೂ ಸೇರಬೇಕಾದರೆ, ಅರಿತವರು ಬಾಯಿ ತೆರೆಯಬೇಕು. ಅರಿವು ಒಂದು ಅಮಾನತು. ಅದನ್ನು ತನ್ನಲ್ಲೇ ಬಚ್ಚಿಟ್ಟುಕೊಳ್ಳದೆ ಹಕ್ಕುದಾರರಿಗೆ ತಲಪಿಸುವುದು, ಅದನ್ನು ಪಡೆದ ಪ್ರತಿಯೊಬ್ಬರ ಮೇಲಿರುವ ಹೊಣೆ.